ಹಚ್ಚಿದ ಮೇಲೆ ಒರೆಸಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮಳೆ ಹಿಂದೆಗೆಯುತ್ತಿದೆ. ದೀಪಾವಳಿಯ ಒಳಗೆ ಜಗಲಿಯ ತೂಗುಮಂಚಕ್ಕೋ ಅಜ್ಜನ ಕಾಲದ ಬೀಟೆ ಪೆಟ್ಟಿಗೆಗೋ ಒಂದು ಕೈ ಎಣ್ಣೆ ಕೊಡೋಣ ಅಂತ ನಿಮ್ಮಲ್ಲಿ ಎಷ್ಟೋ ಮಂದಿ ಯೋಚಿಸುತ್ತಿರುತ್ತೀರಿ. ಕೊಡಿ, ಬಹಳ ಒಳ್ಳೆಯದು. ಆದರೆ ಹಚ್ಚಿದ ಎಣ್ಣೆಯನ್ನು ಒರೆಸಿ. ಮರ ಎಷ್ಟು ಕುಡಿಯುತ್ತದೋ ಕುಡಿಯಲಿ, ಮೇಲೆ ಒಂದು ಹನಿಯೂ ನಿಲ್ಲಬಾರದು. ನಾನು ಇವತ್ತು ಹೇಳಲು ಬಂದಿರುವುದು ಇಷ್ಟೇ.

ಮರಗೆಲಸದವನಾದ ನನ್ನ ಹತ್ತಿರ ಬರುವವರಲ್ಲಿ ಮುಕ್ಕಾಲು ಪಾಲು ಜನರ ದೂರು ಒಂದೇ: "ಎಣ್ಣೆ ಹಚ್ಚಿ ಹದಿನೈದು ದಿನ ಆಯಿತು, ಇನ್ನೂ ಅಂಟು ಅಂಟು." ಡಬ್ಬಿ ತೋರಿಸಿ, ಅಂಗಡಿಯವರು ಕೆಟ್ಟ ಎಣ್ಣೆ ಕೊಟ್ಟರು ಅನ್ನುತ್ತಾರೆ. ಎಣ್ಣೆ ಕೆಟ್ಟಿರುವುದಿಲ್ಲ ಸ್ವಾಮಿ, ಒರೆಸಿರುವುದಿಲ್ಲ.

ಅಗಸೆ ಎಣ್ಣೆ, ಅಂಗಡಿಯಲ್ಲಿ ಲಿನ್ಸೀಡ್ ಆಯಿಲ್ ಅನ್ನುತ್ತಾರಲ್ಲ, ಅದು ನೀರಿನ ಹಾಗೆ ಆವಿಯಾಗಿ ಆರುವುದಿಲ್ಲ. ಗಾಳಿಯಲ್ಲಿರುವ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ತೆಳ್ಳಗಿದ್ದರೆ ಗಾಳಿ ಪೂರ್ತಿ ತಾಗುತ್ತದೆ. ದಪ್ಪಗೆ ನಿಂತರೆ ಮೇಲೆ ಕೆನೆ ಕಟ್ಟಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಹಾಲು ಕಾಯಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದರ ಮೇಲೆ ನಮ್ಮ ಮಲೆನಾಡಿನ ತಂಡಿ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಬಟ್ಟೆಯೇ ಒಣಗದ ಮನೆಯಲ್ಲಿ ಎಣ್ಣೆ ಬೇಗ ಆರುತ್ತದೆಯೇ? ಬೀಟೆಯದ್ದು ಮತ್ತೂ ಒಂದು ತಕರಾರು. ಎಣ್ಣೆ ಗಟ್ಟಿಯಾಗದಂತೆ ತಡೆಯುವ ಸತ್ವ ಆ ಮರದ ಒಳಗೇ ಇದೆ. ಹಾಗಾಗಿ ಬೀಟೆಗೆ ಎಣ್ಣೆ ಹಚ್ಚಿದವರು ಬೇರೆಯವರಿಗಿಂತ ಎರಡು ಸಲ ಹೆಚ್ಚಾಗಿಯೇ ಒರೆಸಬೇಕು.

ನಾನು ಇದನ್ನು ಕಲಿತದ್ದು ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟದ ಮನೆಯಲ್ಲಿ. ಆಗ ನನಗೆ ಇಪ್ಪತ್ತೆರಡು ವರ್ಷ. ಆ ಮನೆಯ ತೂಗುಮಂಚದ್ದು ಒಂದೇ ಬೀಟೆ ಹಲಗೆ, ಆರೂವರೆ ಅಡಿ ಉದ್ದ. ಸೀರೆಯ ನೆರಿಗೆ ಹಿಡಿದ ಹಾಗೆ ಉದ್ದಕ್ಕೂ ಎಳೆ ಮಡಚಿಕೊಂಡು ಬಂದಿತ್ತು. ಈ ಕಡೆಯಿಂದ ನೋಡಿದರೆ ಕಪ್ಪಾಗಿ ಕಂಡ ಗೆರೆ ಆ ಕಡೆಯಿಂದ ನೋಡಿದರೆ ಹೊಳೆಯುತ್ತಿತ್ತು. ಅಂಥ ಮರ ಕಂಡರೆ ಇವತ್ತಿಗೂ ನನ್ನ ಕೈ ಸುಮ್ಮನಿರುವುದಿಲ್ಲ. ಮೊದಲ ಕೈ ಎಣ್ಣೆಗೆ ನೆರಿಗೆ ಎದ್ದು ಬಂತು. ಎರಡನೆಯದಕ್ಕೆ ಇನ್ನೂ ಚೆನ್ನಾಗಿ ಕಂಡಿತು. ಆಸೆ ತಡೆಯಲಿಲ್ಲ, ಮೂರನೆಯದನ್ನು ಸುರಿದೇ ಬಿಟ್ಟೆ. ಒರೆಸಲಿಲ್ಲ. ಆಗ ಆಷಾಢ.

ಎಂಟು ದಿನ ಬಿಟ್ಟು ಹೋದರೆ ಮನೆಯ ದೊಡ್ಡಮ್ಮ ಬಾಗಿಲಲ್ಲೇ ನಿಂತಿದ್ದರು. "ಆಚಾರ್ರೇ, ಬನ್ನಿ, ನಿಮ್ಮ ಹಲಗೆ ಮೇಲೆ ಏನು ಬರೆದಿದೆ ಓದಿ." ಯಾರೋ ಪೇಪರ್ ಹಾಸಿ ಕೂತಿದ್ದರಂತೆ. ಎಬ್ಬಿಸಿದರೆ ಕಾಗದ ಹರಿದು ಬಂದಿದೆ, ಅಡಿಕೆ ಧಾರಣೆಯ ಪಟ್ಟಿ ಹಲಗೆಯಲ್ಲೇ ಉಳಿದಿದೆ. ಸರಕು, ಬೆಟ್ಟೆ, ರಾಶಿ, ಗೊರಬಲು, ಅಡಿಕೆಯ ತರಗಳ ಹೆಸರೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು. ಆ ಚೆಂದದ ನೆರಿಗೆಯ ಮೇಲೆ! ನನಗೆ ಅಳುವೇ ಬಂತು.

ಕೆಲಸ ಕಲಿಸಿದ ನನ್ನ ದೊಡ್ಡಪ್ಪನನ್ನು ಕರೆದುಕೊಂಡು ಹೋದೆ. ಅವರು ಅಂಗೈ ಊರಿ ಎತ್ತಿದರು, ಚರ್ ಅಂತ ಸದ್ದು ಬಂತು. ಮೂಸಿ ನೋಡಿದರು. "ಮರಕ್ಕೆ ಕುಡಿಸು ಅಂದರೆ ಮುಳುಗಿಸಿದ್ದೀಯಲ್ಲೋ" ಅಂದರು, ಅಷ್ಟೇ. ಗೋಣಿಚೀಲದ ತುಂಡನ್ನು ಟರ್ಪೆಂಟೈನಿನಲ್ಲಿ ಅದ್ದಿ ಎಳೆಯ ಉದ್ದಕ್ಕೆ ತಿಕ್ಕಿಸಿದರು. ಹಿಂದೆಯೇ ಹಳೆ ಪಂಚೆಯ ಬಟ್ಟೆಯಿಂದ ಒರೆಸಿಸಿದರು. ತಿಕ್ಕುವುದು, ಒರೆಸುವುದು, ಸಂಜೆಯವರೆಗೂ ಅದೇ. ಗೋಣಿಗೆ ಬಗ್ಗದೆ ಗಟ್ಟಿಯಾಗಿ ಕೂತಿದ್ದ ಕಡೆ ತೆಳು ಉಕ್ಕಿನ ತಗಡಿನಿಂದ ಕೆರೆದೆವು. ಮಳೆ ಪೂರ್ತಿ ನಿಂತ ಮೇಲೆ ಒಂದೇ ಒಂದು ಕೈ ಎಣ್ಣೆ ಕೊಟ್ಟೆವು. ಇಪ್ಪತ್ತು ನಿಮಿಷಕ್ಕೆ ಒರೆಸಿದೆವು. ಗಂಟೆ ಬಿಟ್ಟು ನೋಡಿದರೆ ಮರದ ರಂಧ್ರಗಳಿಂದ ಸಾಸಿವೆ ಕಾಳಿನಷ್ಟು ಎಣ್ಣೆ ಉಕ್ಕಿ ಕೂತಿತ್ತು, ಅದನ್ನೂ ಒರೆಸಿದೆವು. ಮಲಗುವ ಮುಂಚೆ ಒಂದು ಸಲ, ಬೆಳಗ್ಗೆ ಒಂದು ಸಲ. ಆ ತೂಗುಮಂಚ ಈಗಲೂ ಇದೆ, ಅದರ ಮೇಲೆ ಬಿಳಿ ಪಂಚೆ ಉಟ್ಟು ಕೂರಬಹುದು.

ಬೀಟೆ ಇನ್ನು ಮೊದಲಿನ ಹಾಗೆ ಸಿಗುವ ಮರವಲ್ಲ, ಪರವಾನಗಿ ಇಲ್ಲದೆ ಕಡಿಯುವಂತೆಯೂ ಇಲ್ಲ. ಮನೆಯಲ್ಲಿರುವುದನ್ನು ಹಾಳುಮಾಡಿಕೊಳ್ಳಬೇಡಿ.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ನೆರಿಗೆಯಿರುವ ಮರದಲ್ಲಿ ಎಣ್ಣೆ ಹಚ್ಚಿದಾಗ ಅಲ್ಲಲ್ಲಿ ಕಪ್ಪು ಮಚ್ಚೆ ಎದ್ದರೆ ಅದು ಮರ ಹೆರೆದು ನಯಮಾಡುವ ತೋಪಡಕ್ಕೆ ಎಳೆ ಕಿತ್ತುಬಂದ ಜಾಗ. ಅಲ್ಲಿ ಮರ ಹೆಚ್ಚು ಕುಡಿದಿದೆ. ಅದರ ಮೇಲೆ ಇನ್ನಷ್ಟು ಎಣ್ಣೆ ಸುರಿದರೆ ಮಚ್ಚೆ ಹೋಗುವುದಿಲ್ಲ. ಕೆರೆದು, 220 ನಂಬರಿನ ನುಣುಪು ಉಪ್ಪು ಕಾಗದದವರೆಗೆ ಉಜ್ಜಿ, ಮತ್ತೆ ಹಚ್ಚಿ. ಹಚ್ಚುವ ಮೊದಲು ಟರ್ಪೆಂಟೈನ್ ಬಟ್ಟೆ ಆಡಿಸಿದರೆ ಇಂಥ ಜಾಗ ಆಗಲೇ ಕಂಡುಬಿಡುತ್ತದೆ. ಕೊಬ್ಬರಿ ಎಣ್ಣೆ ಹಚ್ಚಬೇಡಿ, ಅದು ಯಾವತ್ತೂ ಗಟ್ಟಿಯಾಗುವುದಿಲ್ಲ, ಧೂಳು ಹಿಡಿಯುತ್ತದೆ. ಎರಡನೆಯ ಕೈ ಯಾವಾಗ ಅಂತ ಕೇಳುತ್ತೀರಿ. ಮೂಗು ಹತ್ತಿರ ಹಿಡಿಯಿರಿ. ಎಣ್ಣೆಯ ವಾಸನೆ ಜೋರಾಗಿದ್ದರೆ ಇನ್ನೂ ಕಾಯಿರಿ.

ಕೊನೆಯದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಮುದ್ದೆಯಾದ ಬಟ್ಟೆಯೊಳಗೆ ಆ ಬಿಸಿ ಹೊರಗೆ ಹೋಗಲಾರದೆ, ಬೆಂಕಿಕಡ್ಡಿ ಗೀರದೆಯೇ ಹೊತ್ತಿಕೊಳ್ಳುತ್ತದೆ. ನಮ್ಮ ಮನೆಗಳ ಅಟ್ಟದಲ್ಲಿ ಅಡಿಕೆ ಚೀಲ, ಕೊಟ್ಟಿಗೆಯಲ್ಲಿ ಹುಲ್ಲು. ಆ ಬಟ್ಟೆಯನ್ನು ಅಂಗಳದಲ್ಲಿ ಒಂದೊಂದಾಗಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿಡಿ. ನಮಸ್ಕಾರ.