ಕೇಡು ಬೆನ್ನಿಗೆ ಬಿದ್ದ ಯು-505

ಎಲ್ಲರಿಗೂ ನಮಸ್ಕಾರ.

ಎರಡನೇ ಮಹಾಯುದ್ಧದ ಜರ್ಮನ್ ಸಬ್‌ಮರೀನ್ ಅಂದ ಕೂಡಲೇ ನೆನಪಾಗುವುದು ಸಾಲುಸಾಲಾಗಿ ಹಡಗು ಮುಳುಗಿಸಿ ಪದಕ ಗಿಟ್ಟಿಸಿಕೊಂಡ ಕ್ಯಾಪ್ಟನ್‌ಗಳು. ಯು-505 ಅಂಥದ್ದಲ್ಲ. ಇದು ಹೊರಟಾಗಲೆಲ್ಲ ಏನಾದರೊಂದು ಕೆಟ್ಟು ವಾಪಸ್ ಬರುತ್ತಿತ್ತು. ಹೀಗೆ ಕೆಟ್ಟಿದ್ದರಿಂದಲೇ ಅದರೊಳಗಿದ್ದವರು ಬದುಕಿದರು ಅಂತ ನನಗನ್ನಿಸುತ್ತದೆ.

ಶುರುವಿನಲ್ಲಿ ಎಲ್ಲ ಸರಿಯಾಗೇ ಇತ್ತು. ಹ್ಯಾಂಬರ್ಗ್‌ನಲ್ಲಿ ಕಟ್ಟಿದ ಈ ಹಡಗು 1941ರ ಆಗಸ್ಟ್‌ನಲ್ಲಿ ಸೇವೆಗೆ ಸೇರಿತು. ಮೊದಲ ಕ್ಯಾಪ್ಟನ್ ಲೋವೆ ಆಫ್ರಿಕಾದ ಪಶ್ಚಿಮ ಕರಾವಳಿ ಮತ್ತು ಕೆರಿಬಿಯನ್ ಕಡೆ ಏಳು ಹಡಗು ಮುಳುಗಿಸಿದ. ಕೊನೆಯದು ಕೊಲಂಬಿಯಾದ ಒಂದು ಹಾಯಿಹಡಗು. ಹಾಯಿಹಡಗು ಮುಳುಗಿಸಿದರೆ ಕೇಡು ತಪ್ಪಿದ್ದಲ್ಲ ಅಂತ ನಾವಿಕರು ನಂಬಿದ್ದರು. ಸ್ವಲ್ಪ ದಿನಕ್ಕೇ ಲೋವೆಗೆ ಅಪೆಂಡಿಸೈಟಿಸ್. ಅವನ ಜಾಗಕ್ಕೆ ಪೀಟರ್ ಚೆಖ್ ಬಂದ.

1942ರ ನವೆಂಬರ್. ಟ್ರಿನಿಡಾಡ್ ಹತ್ತಿರ ಬ್ರಿಟಿಷರ ಹಡ್ಸನ್ ವಿಮಾನ ತೀರಾ ಕೆಳಗೆ ಹಾರಿಬಂದು ಬಾಂಬ್ ಹಾಕಿತು. ಬಾಂಬ್ ಡೆಕ್ ಮೇಲೇ ಸಿಡಿಯಿತು. ಆ ಹೊಡೆತಕ್ಕೆ ವಿಮಾನವೂ ಉಳಿಯಲಿಲ್ಲ, ಅದರಲ್ಲಿದ್ದವರೂ ಉಳಿಯಲಿಲ್ಲ. ಹಡಗು ಬಿಟ್ಟು ಹೊರಡಿ ಅಂದ ಚೆಖ್. ಆದರೆ ಮೆಷಿನ್ ನೋಡಿಕೊಳ್ಳುವವರು ಒಪ್ಪಲಿಲ್ಲ, ರಿಪೇರಿ ಮಾಡುತ್ತೇವೆ ಅಂತ ಕೂತರು. ಕುಂಟುತ್ತಾ ಅಟ್ಲಾಂಟಿಕ್ ದಾಟಿ ಡಿಸೆಂಬರ್‌ನಲ್ಲಿ, ಆಗ ಜರ್ಮನ್ನರ ಹಿಡಿತದಲ್ಲಿದ್ದ ಫ್ರಾನ್ಸಿನ ಲೊರಿಯಾಂ ಬಂದರು ಸೇರಿದರು.

ಇಲ್ಲಿಂದ ಕಥೆ ಸ್ವಾರಸ್ಯ. ಆರು ತಿಂಗಳು ರಿಪೇರಿ ಆಯ್ತು. ಹೊರಟರೆ ಎರಡು ವಾರದೊಳಗೆ ವಾಪಸ್. ಮತ್ತೆ ಹೊರಟರು, ಮತ್ತೆ ವಾಪಸ್. ವೆಲ್ಡಿಂಗ್ ಮಾಡಬೇಕಾದ ಕಡೆ ನಾರು ತುರುಕಿ ಮುಚ್ಚಿದ್ದರು. ಇಂಧನದ ಟ್ಯಾಂಕಿಗೆ ಪೆನ್ಸಿಲ್ ಗಾತ್ರದ ತೂತು ಕೊರೆದಿದ್ದರು. ಹಡಗು ಹೋದಲ್ಲೆಲ್ಲ ನೀರಿನ ಮೇಲೆ ಎಣ್ಣೆಯ ಗೆರೆ! ವಿಮಾನದವರಿಗೆ ದಾರಿ ತೋರಿಸಲು ಇನ್ನೇನು ಬೇಕು? ಇದೆಲ್ಲ ಹಡಗುಕಟ್ಟೆಯ ಫ್ರೆಂಚ್ ಕೆಲಸಗಾರರ ಕೈಚಳಕ.

ಬಂದರಿನಲ್ಲಿ ಚೆಖ್ ನಗೆಪಾಟಲಾದ. ಆದರೆ ಅದೇ ಹೊತ್ತಿಗೆ ಹೊರಗೇನಾಗುತ್ತಿತ್ತು ನೋಡಿ. 1943ರ ಮೇ ಒಂದೇ ತಿಂಗಳಲ್ಲಿ 40ಕ್ಕೂ ಜಾಸ್ತಿ ಜರ್ಮನ್ ಸಬ್‌ಮರೀನ್‌ಗಳು ನಾಶವಾದವು. ಯು-505 ಆಗ ರಿಪೇರಿಯಲ್ಲಿತ್ತು.

ಅಕ್ಟೋಬರ್ 24ರಂದು ಡೆಪ್ತ್ ಚಾರ್ಜ್‌ಗಳು (ನೀರಿನಾಳದಲ್ಲಿ ಸಿಡಿಯುವ ಬಾಂಬುಗಳು) ಸುತ್ತ ಸಿಡಿಯುತ್ತಿದ್ದಾಗಲೇ ಚೆಖ್ ಸಿಬ್ಬಂದಿಯ ಎದುರೇ ತನಗೆ ತಾನೇ ಗುಂಡು ಹೊಡೆದುಕೊಂಡ. ಅವನ ಕೈಕೆಳಗಿನ ಅಧಿಕಾರಿ ಮೇಯರ್ ಹಡಗನ್ನು ಹೇಗೋ ಮನೆ ಮುಟ್ಟಿಸಿದ.

ಮೂರನೇ ಕ್ಯಾಪ್ಟನ್ ಹರಾಲ್ಡ್ ಲಾಂಗೆ. 1944ರ ಜೂನ್ 4ರಂದು, ಆಫ್ರಿಕಾ ಕರಾವಳಿಯಾಚೆ, ಅಮೆರಿಕದ ಕ್ಯಾಪ್ಟನ್ ಡೇನಿಯಲ್ ಗ್ಯಾಲರಿಯ ನೌಕಾಪಡೆಗೆ ಇದು ಸಿಕ್ಕಿಬಿತ್ತು. ಗ್ಯಾಲರಿಗೆ ಮುಳುಗಿಸುವ ಆಸೆ ಇರಲಿಲ್ಲ, ಹಿಡಿಯುವ ಆಸೆ. ಡೆಪ್ತ್ ಚಾರ್ಜ್ ಬಿದ್ದ ಕೆಲವೇ ನಿಮಿಷದಲ್ಲಿ ಹಡಗು ಮೇಲೆ ಬಂತು. ಲಾಂಗೆ ಗಾಯಗೊಂಡ. ಎಲ್ಲರೂ ನೀರಿಗೆ ಹಾರಿದರು. ಚುಕ್ಕಾಣಿ ಸಿಕ್ಕಿಕೊಂಡಿತ್ತು, ಮೋಟಾರು ನಿಂತಿರಲಿಲ್ಲ. ಖಾಲಿ ಹಡಗು ತನ್ನಷ್ಟಕ್ಕೆ ಗಿರಕಿ ಹೊಡೆಯುತ್ತಿತ್ತು!

ಗ್ಯಾಲರಿಯ ಕಡೆಯ ಲೆಫ್ಟಿನೆಂಟ್ ಡೇವಿಡ್ ಮತ್ತು ಅವನ ಜೊತೆಯವರು ಅದರ ಮೇಲೆ ನೆಗೆದು ಒಳಗಿಳಿದರು. ಒಳಗೆ ಯಾರಿದ್ದಾರೋ, ಯಾವಾಗ ಸಿಡಿಯುತ್ತದೋ ಗೊತ್ತಿಲ್ಲ. ಜರ್ಮನ್ನರು ಹೋಗುವಾಗ ನೀರು ಎಳೆದುಕೊಳ್ಳುವ ಪೈಪಿನ ಜಾಲರಿಯ ಮುಚ್ಚಳ ತೆಗೆದಿದ್ದರು. ಸಮುದ್ರ ಒಳಕ್ಕೆ ಚಿಮ್ಮುತ್ತಿತ್ತು. ಪುಣ್ಯಕ್ಕೆ ಮುಚ್ಚಳ ಅಲ್ಲೇ ಬಿದ್ದಿತ್ತು. ಲುಕೋಸಿಯಸ್ ಅನ್ನುವ ನಾವಿಕ ಅದನ್ನು ಹುಡುಕಿ ಕೂರಿಸಿ ಬಿಗಿದ. ಮುಚ್ಚಳ ಸಿಗದಿದ್ದರೆ ಹಡಗೂ ಇಲ್ಲ, ಅದರಲ್ಲಿದ್ದ, ಜರ್ಮನ್ನರು ಗುಟ್ಟಿನ ಸಂದೇಶ ಕಳಿಸಲು ಬಳಸುತ್ತಿದ್ದ ಎನಿಗ್ಮಾ ಯಂತ್ರಗಳೂ ಸಂಕೇತ ಪುಸ್ತಕಗಳೂ ಇಲ್ಲ.

59 ಜರ್ಮನ್ನರಲ್ಲಿ ಸತ್ತಿದ್ದು ಒಬ್ಬ. ಸಬ್‌ಮರೀನ್‌ಗಳಲ್ಲಿ ಹೋದ ಜರ್ಮನ್ನರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ತಿರುಗಿ ಬರಲೇ ಇಲ್ಲ ಅನ್ನುವುದನ್ನು ಇದರ ಪಕ್ಕ ಇಟ್ಟು ನೋಡಿ. ಆದರೆ ಹಡಗು ಸಿಕ್ಕ ಸುದ್ದಿ ಬರ್ಲಿನ್‌ಗೆ ಗೊತ್ತಾದರೆ ಸಂಕೇತಗಳನ್ನೇ ಬದಲಿಸಿಬಿಡುತ್ತಾರಲ್ವಾ? ಹಾಗಾಗಿ 58 ಮಂದಿಯನ್ನೂ ಲೂಸಿಯಾನಾದ ಕ್ಯಾಂಪ್ ರಸ್ಟನ್‌ನಲ್ಲಿ ಬೇರೆ ಕೈದಿಗಳಿಂದ ದೂರ ಇಟ್ಟರು. ರೆಡ್ ಕ್ರಾಸ್‌ಗೂ ತಿಳಿಸಲಿಲ್ಲ. ಊರಲ್ಲಿ ಮನೆಯವರು ಇವರು ಸತ್ತರು ಅಂತಲೇ ತಿಳಿದಿದ್ದರು.

ಯುದ್ಧ ಮುಗಿದ ಮೇಲೆ ಹಡಗನ್ನು ಗುರಿ ಅಭ್ಯಾಸಕ್ಕೆ ಬಳಸಿ ಮುಳುಗಿಸುವ ಯೋಚನೆಯಿತ್ತು. ಗ್ಯಾಲರಿ ಶಿಕಾಗೋದವನು, ಬಿಡಲಿಲ್ಲ. ಊರವರು ಚಂದಾ ಎತ್ತಿದರು. 1954ರಲ್ಲಿ ಅಲ್ಲಿನ ವಿಜ್ಞಾನ ಮತ್ತು ಕೈಗಾರಿಕಾ ಮ್ಯೂಸಿಯಂಗೆ, ದೊಡ್ಡ ರಸ್ತೆಯೊಂದನ್ನು ಅಡ್ಡ ದಾಟಿಸಿ ಎಳೆದು ತಂದರು. ಒಳಗಿನ ಎಷ್ಟೋ ಭಾಗಗಳು ಕಳಚಿಹೋಗಿದ್ದವು. ಅವನ್ನು ಮಾಡಿದ್ದ ಜರ್ಮನ್ ಕಂಪನಿಗಳಿಗೆ ಮ್ಯೂಸಿಯಂನವರು ಪತ್ರ ಬರೆದರು. ಅವರು ದುಡ್ಡೂ ತಗೊಳ್ಳದೆ ಕಳಿಸಿಕೊಟ್ಟರು. ಹೇಗೂ ಜನ ನೋಡುವುದಾದರೆ ತಮ್ಮ ಕೆಲಸ ಚೆನ್ನಾಗಿ ಕಾಣಲಿ ಅನ್ನುವುದು ಅವರ ಲೆಕ್ಕ.