1ರ ಜಾಗದಲ್ಲಿ 8 ಬಿದ್ದರೂ ಸುಮ್ಮನಿರುವ ವಿಮಾ ಸಾಫ್ಟ್‌ವೇರ್

[ಪರದೆ: 123456782]

ನಮಸ್ಕಾರ. ಆರೋಗ್ಯ ವಿಮೆಯ ಸದಸ್ಯರೊಬ್ಬರ ನಂಬರ್ ಹೀಗಿದೆ ಅಂದ್ಕೊಳ್ಳಿ. ಕೊನೆಯ 2 ಬಿಟ್ಟು, ಉಳಿದ ಎಂಟು ಅಂಕಿಯನ್ನು 7ರಿಂದ ಭಾಗಿಸಿ. ಶೇಷ 2. ಕೊನೆಯ ಅಂಕಿಯೂ 2. ತಾಳೆ ಆಯ್ತು, ನಂಬರ್ ಸರಿ ಅಂತ ಸಾಫ್ಟ್‌ವೇರ್ ಒಪ್ಪಿಕೊಳ್ಳುತ್ತೆ.

ನಾನು ಹೇಳ್ತಿರೋದು ಓಪನ್‌ಐಮಿಸ್ ಬಗ್ಗೆ. ಟಾಂಜಾನಿಯಾದ ಸಮುದಾಯ ಆರೋಗ್ಯ ನಿಧಿಗಾಗಿ (ಕಮ್ಯುನಿಟಿ ಹೆಲ್ತ್ ಫಂಡ್) ಹುಟ್ಟಿ, ಈಗ ನೇಪಾಳದ ಆರೋಗ್ಯ ವಿಮೆಯಲ್ಲೂ ಬಳಕೆಯಲ್ಲಿರುವ ಮುಕ್ತ ತಂತ್ರಾಂಶ ಇದು. ಡೇಟಾಬೇಸ್ ಒಳಗೆ ಸದಸ್ಯರ ನಂಬರಿಗೆ ಸಿಎಚ್‌ಎಫ್ ಐಡಿ ಅಂತಲೇ ಹೆಸರು. ಆ ನಿಧಿಯ ಮೊದಲಕ್ಷರಗಳು ಹಾಗೇ ಉಳಿದುಕೊಂಡಿವೆ.

[ಪರದೆ: 823456782. ಮೊದಲ 8 ಕೆಂಪು]

ಈಗ ಮೊದಲ 1ರ ಜಾಗಕ್ಕೆ 8 ಹಾಕ್ತೀನಿ. ಶೇಷ? ಮತ್ತೆ 2! 8ಕ್ಕೂ 1ಕ್ಕೂ ಇರೋ ವ್ಯತ್ಯಾಸ ಸರಿಯಾಗಿ 7. ಹಾಗಾಗಿ ಭಾಗಾಕಾರಕ್ಕೆ ಗೊತ್ತೇ ಆಗಲ್ಲ. 0 ಮತ್ತು 7, 2 ಮತ್ತು 9 ಅದಲುಬದಲಾದರೂ ಇದೇ ಕಥೆ. ಆದರೆ 1ನ್ನು 7 ಅಂತ ಓದಿದರೆ ಸಿಕ್ಕಿಬೀಳುತ್ತೆ, ಅಲ್ಲಿ ವ್ಯತ್ಯಾಸ 6. ಕೈಬರಹದ ಫಾರಂ ನೋಡಿ ದಿನವಿಡೀ ಟೈಪ್ ಮಾಡೋರನ್ನು ನೆನೆಸಿಕೊಳ್ಳಿ. ಒಬ್ಬರ ಚಿಕಿತ್ಸೆಯ ಬಿಲ್ ಇನ್ನೊಬ್ಬರ ಹೆಸರಿಗೆ ಹೋಗಿ ಕೂರಬಹುದು. ನನಗಂತೂ ಇದು ಸಣ್ಣ ವಿಷಯ ಅನ್ನಿಸಲ್ಲ.

[ಪರದೆ: ಕಾನ್ಫಿಗರೇಶನ್]

ನಂಬರಿನ ಉದ್ದ ಎಷ್ಟು, ಭಾಜಕ (ಇಲ್ಲಿ 7) ಎಷ್ಟು ಅನ್ನೋದನ್ನ ಸೆಟ್ಟಿಂಗ್‌ನಲ್ಲೇ ಬದಲಿಸಬಹುದು. ಅಷ್ಟು ಸಾಲದಿದ್ದರೆ ನಿಮ್ಮದೇ ಪೈಥಾನ್ ಫಂಕ್ಷನ್, ಅಂದರೆ ನಂಬರ್ ಪರೀಕ್ಷಿಸೋ ಪುಟ್ಟ ಕೋಡ್, ಕೊಡಿ. ಒಂದು ಎಚ್ಚರ: ಫಂಕ್ಷನ್ ಕೊಟ್ಟ ಮೇಲೆ ಆ ಎರಡು ಸೆಟ್ಟಿಂಗ್‌ಗಳನ್ನು ಸಿಸ್ಟಮ್ ನೋಡೋದೇ ಇಲ್ಲ. ಉದ್ದ ಸರಿಯಿದೆಯಾ ಅನ್ನೋದನ್ನೂ ನೀವೇ ಬರೀಬೇಕು. ನಂಬರಿನಲ್ಲಿ ಅಕ್ಷರ ಬರೋ ದೇಶಗಳಿಗೆ ಇದೇ ದಾರಿ, ಅಕ್ಷರವನ್ನು 7ರಿಂದ ಭಾಗಿಸೋಕೆ ಬರಲ್ಲ.

ಫಂಕ್ಷನ್ ಒಳಗೆ ಯಾವ ಲೆಕ್ಕ ಇಡೋದು? ನಮ್ಮ ಆಧಾರ್‌ನ 12ನೇ ಅಂಕಿ, ಉಳಿದ ಹನ್ನೊಂದನ್ನು ತಾಳೆ ನೋಡೋ ವರ್ಹೂಫ್ ವಿಧಾನದ್ದು. ಯಾವುದೇ ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅಂಕಿ ಹಿಂದುಮುಂದಾದರೂ ಅದು ಹಿಡಿಯುತ್ತೆ. ಹೊಸದಾಗಿ ಕಾರ್ಡ್ ಅಚ್ಚು ಹಾಕಿಸೋರಿಗೆ ನನ್ನ ಆಯ್ಕೆ ಅದೇ.

ಆದರೆ ಹಳೇ ಕಾರ್ಡ್ ಹಿಡಿದ ಅಜ್ಜಿ ವಿಳಾಸ ತಿದ್ದಿಸೋಕೆ ಬಂದಾಗ, ‘ನಿಮ್ಮ ನಂಬರೇ ತಪ್ಪು’ ಅಂತ ವಾಪಸ್ ಕಳಿಸೋ ಹಾಗಾಗಬಾರದು. ಅದಕ್ಕೇ, ಈಗಿರೋ ಸದಸ್ಯರ ನಂಬರ್‌ಗಳನ್ನೆಲ್ಲ ಮೊದಲು ಟೆಸ್ಟ್ ಸರ್ವರ್‌ನಲ್ಲಿ ಹೊಸ ಫಂಕ್ಷನ್‌ಗೆ ಕೊಟ್ಟು ನೋಡಿ. ಫೇಲ್ ಆದವುಗಳ ಪಟ್ಟಿ ತೆಗೀರಿ. ಹಳೇ ಕಾರ್ಡ್‌ಗಳಿಗೆ ಹಳೇ ನಿಯಮವೇ ನಡೆಯುವಂತೆ ಅದೇ ಫಂಕ್ಷನ್‌ನಲ್ಲಿ ಒಂದು ಷರತ್ತು ಸೇರಿಸಿ, ಆಮೇಲೆ ಲೈವ್ ಮಾಡಿ.