ಬಂಡೆ, ಹಳಿ, ನದಿ

ಕೇಳುಗರಿಗೆ ನಮಸ್ಕಾರ. ಇಂದು ಒಂದು ಹಳೆಯ ಛಾಯಾಚಿತ್ರವನ್ನು ಕಣ್ಣು ಮುಚ್ಚಿಕೊಂಡು ನೋಡೋಣ.

ಎಡಗಡೆ ಚೌಕಟ್ಟನ್ನೂ ಮೀರಿ ಎದ್ದ ಬಸಾಲ್ಟ್ ಕಲ್ಲಿನ ಕಡಿದಾದ ಬೆಟ್ಟ. ಬಲಗಡೆ ಅಗಲವಾದ ನದಿ. ನಡುವೆ ನಮ್ಮ ಕಾಲಬುಡದಿಂದಲೇ ಹೊರಟಂತೆ ಕಾಣುವ ಜೋಡಿ ಹಳಿ, ಬೆಟ್ಟದ ಬುಡ ಹಿಡಿದು ಓಡುತ್ತ ಓಡುತ್ತ ಗೆರೆಯಾಗಿಬಿಡುತ್ತದೆ. ರೈಲಿಲ್ಲ, ಜನರಿಲ್ಲ. ಛಾಯಾಗ್ರಾಹಕ ಕಾರ್ಲ್‌ಟನ್ ವಾಟ್ಕಿನ್ಸ್ ಇದನ್ನು ತೆಗೆದದ್ದು 1867ರಲ್ಲಿ, ಅಮೆರಿಕದ ಆರಿಗನ್‌ನಲ್ಲಿ, ಸಿಲೈಲೋ ಹತ್ತಿರದ ಕೇಪ್ ಹಾರ್ನ್ ಎಂಬಲ್ಲಿ.

ಅಂಥ ಜಾಗದಲ್ಲಿ ಹಳಿ ಏಕೆ ಬಂತು? ಕೊಲಂಬಿಯಾ ನದಿ ಅಲ್ಲಿ ಜಲಪಾತವಾಗಿ ಬಿದ್ದು ಇಕ್ಕಟ್ಟಿನಲ್ಲಿ ನುಗ್ಗುತ್ತಿತ್ತು, ಉಗಿದೋಣಿ ದಾಟುವಂತಿರಲಿಲ್ಲ. ಜನರನ್ನೂ ಸರಕನ್ನೂ ಇಳಿಸಿ ರೈಲಿಗೆ ಹತ್ತಿಸಬೇಕು, ಆಚೆ ಮತ್ತೆ ದೋಣಿಗೆ. ಅದಕ್ಕೆಂದೇ ದೋಣಿ ಕಂಪನಿ 1863ರಲ್ಲಿ ತೆರೆದ ಸುಮಾರು 22 ಕಿಲೋಮೀಟರ್ ದಾರಿ ಇದು. ಆ ಜಲಪಾತವೂ ಈಗಿಲ್ಲ; 1957ರಲ್ಲಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿತು.

ಚಿತ್ರ ತೆಗೆದ ಬಗೆ ಗೊತ್ತಿದ್ದರೆ ಕಾಣುವುದೇ ಬೇರೆ. ಶುಚಿಗೊಳಿಸಿದ ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟು ದ್ರವ ಸುರಿದು, ಮೂಲೆಯಿಂದ ಮೂಲೆಗೆ ಓರೆಮಾಡಿ ಸಮನಾಗಿ ಹರಡಬೇಕು. ಬೆಳಕಿಗೆ ಸ್ಪಂದಿಸುವಂತಾಗಲು ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಕೆಲವು ನಿಮಿಷ ಅದ್ದಿ, ಹಸಿ ಆರುವ ಮುನ್ನವೇ ಚಿತ್ರ ತೆಗೆದು ಸಂಸ್ಕರಿಸಬೇಕು. ಸಿಕ್ಕುವುದು ಹತ್ತು ಹದಿನೈದು ನಿಮಿಷ. ಕತ್ತಲ ಗುಡಾರ ಪಕ್ಕದಲ್ಲೇ ಇರಬೇಕು. ಗಾಳಿಗೆ ಧೂಳು ಕೂತರೆ ಚುಕ್ಕೆ ಬೀಳುತ್ತದೆ. ಅಂಚು ಒಣಗಿದರೆ ಕಲೆ. ವಾಟ್ಕಿನ್ಸ್ ಹಿಡಿದದ್ದೋ ಸುಮಾರು 18 ಇಂಚು ಅಗಲ, 22 ಇಂಚು ಉದ್ದದ ಗಾಜು!

ಆ ಗಾಜು ನೀಲಿಗೆ ಬೇಗ ಸ್ಪಂದಿಸುತ್ತಿತ್ತು, ಹಸಿರು ಕೆಂಪುಗಳಿಗೆ ಬಹುಮಟ್ಟಿಗೆ ಕುರುಡು. ಆದ್ದರಿಂದಲೇ ಆಕಾಶ ಬರೀ ಬಿಳಿ. ಮಸೂರ ತೆರೆದಿದ್ದ ಹೊತ್ತಿನಲ್ಲಿ ಅಲೆಗಳೆಲ್ಲ ಬೆರೆತು ನೀರು ನುಣುಪಾಯಿತು. ಮೇಲೂ ಬಲಕ್ಕೂ ಕಣ್ಣಿಗೆ ಹಿಡಿಯಲು ಏನೂ ಉಳಿಯದೆ ಹಳಿಯೊಂದೇ ಎದ್ದು ನಿಂತಿತು. ಕೊರತೆಯನ್ನೇ ಹೀಗೆ ದುಡಿಸಿಕೊಂಡದ್ದರಲ್ಲಿ ವಾಟ್ಕಿನ್ಸ್‌ನ ದೊಡ್ಡತನ ಇದೆ. ರೈಲೊಂದು ನಿಂತಿದ್ದರೆ ನೋಟ ಅಲ್ಲೇ ತಡೆದುಬಿಡುತ್ತಿತ್ತು.

ಮೊಟ್ಟೆಯ ಬಿಳಿ ಲೋಳೆ ಸವರಿದ ಕಾಗದವನ್ನು ಗಾಜಿಗೆ ಒತ್ತಿ ಬಿಸಿಲಿಗಿಟ್ಟು ಪ್ರತಿ ತೆಗೆಯುತ್ತಿದ್ದರು. ಹಿಗ್ಗಿಸುವ ಮಾತಿಲ್ಲ, ಗಾಜಿನಷ್ಟೇ ಚಿತ್ರ. ಮೊಬೈಲಿನ ಅಂಗೈಯಗಲದ ಪರದೆ ಇದಕ್ಕೆ ಸಾಲದು. ದೊಡ್ಡದಾಗಿ ತೆರೆದು, ಕೆಳ ಅಂಚಿನಲ್ಲಿ ಹಳಿಯಡಿ ಹಾಸಿದ ಅಡ್ಡಪಟ್ಟಿಗಳಿಂದ (ಸ್ಲೀಪರು) ನೋಟ ಶುರುಮಾಡಿ, ಹಳಿಯ ಜೊತೆಗೇ ನಿಧಾನವಾಗಿ ಒಳಕ್ಕೆ ಹೋಗಿ.